ಪದ ಹುಡುಕುವ ಆ್ಯಪ್: ಕೆಲವು ವರ್ಷ ಬಳಸಿದ ಮೇಲೆ

ಐದಕ್ಷರದ ಇಂಗ್ಲಿಷ್ ಪದವನ್ನು ಆರು ಅವಕಾಶಗಳಲ್ಲಿ ಊಹಿಸುವ ವರ್ಡಲ್ ಆಟದ ಗುಂಗು ನಮ್ಮ ವಿಜಯಪುರದವರೆಗೂ ಹಬ್ಬಿದ 2022ರಲ್ಲಿ, ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ಈ ಪದಶೋಧಕ ಆ್ಯಪ್ ಹಾಕಿಕೊಂಡೆ. ವರ್ಡಲ್ ಆಡುವುದು ಈಗ ಅಪರೂಪ, ಆದರೆ ಆ್ಯಪ್ ಮೊಬೈಲಿನಲ್ಲಿ ಉಳಿದಿದೆ. ಮನೆಯಲ್ಲಿ ನಾನು, ಅಕ್ಕ, ಕಾಕಾ ಮೂವರೂ ಸ್ಕ್ರ್ಯಾಬಲ್ ಆಡುತ್ತೇವೆ, ಅಂದರೆ ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ. ಆ್ಯಪ್‌ನ ಹೆಸರು ಬರೆಯುತ್ತಿಲ್ಲ. ಈ ಬಗೆಯವು ಹತ್ತಾರು ಇವೆ, ಹೊರನೋಟಕ್ಕೆ ಎಲ್ಲವೂ ಒಂದೇ ಅಚ್ಚಿನವು. ಯಾವುದನ್ನು ಇಳಿಸಿಕೊಂಡರೂ ಏನು ಪರೀಕ್ಷಿಸಬೇಕು ಎಂದು ತಿಳಿದಿದ್ದರೆ ಸಾಕು.

ಮೊದಲು ನೋಡಬೇಕಾದದ್ದು ಪದಪಟ್ಟಿ. ಸ್ಕ್ರ್ಯಾಬಲ್‌ಗೆ ಎರಡು ಅಧಿಕೃತ ಪಟ್ಟಿಗಳಿವೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆಯುವ ಪಟ್ಟಿಯಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ಪದಗಳು. ಬ್ರಿಟನ್ ಮತ್ತು ನಮ್ಮ ದೇಶದ ಆಟಗಾರರು ನಂಬುವ ಕಾಲಿನ್ಸ್ ಪಟ್ಟಿಯಲ್ಲಿ ಸುಮಾರು 2.8 ಲಕ್ಷ. ನನ್ನ ಆ್ಯಪ್ ಕೇಳದೆಯೇ ಅಮೆರಿಕದ ಪಟ್ಟಿಯನ್ನು ಹಿಡಿದುಕೊಂಡಿತ್ತು. ಕಾಕಾ ಝಡ್ ಮತ್ತು ಒ ಜೋಡಿಸಿ ಎರಡಕ್ಷರದ ಪದ ಇಟ್ಟರೆ ಆ್ಯಪ್ ಇಲ್ಲವೆಂದಿತು. ಅದು ಟಿಬೆಟ್ ಕಡೆಯ, ಯಾಕ್ ಮತ್ತು ಹಸುವಿನ ಮಿಶ್ರತಳಿಯ ದನದ ಹೆಸರು. “ಇದು ನಿಘಂಟಿನಲ್ಲಿದೆ, ನಾನು ಕಣ್ಣಾರೆ ನೋಡಿದ್ದೇನೆ” ಎಂದು ಕಾಕಾ ಪಟ್ಟು ಹಿಡಿದರು. ಸೆಟ್ಟಿಂಗ್ಸ್‌ನಲ್ಲಿ ಕಾಲಿನ್ಸ್ ಆರಿಸಿದ ಕೂಡಲೇ ಪದ ಸಿಕ್ಕಿತು. ಹೊಸ ಆ್ಯಪ್ ಹಾಕಿಕೊಂಡವರು ಮೊದಲು ಈ ಎರಡಕ್ಷರವನ್ನೇ ಒತ್ತಿ ನೋಡಿ: ಸಿಕ್ಕರೆ ಕಾಲಿನ್ಸ್, ಸಿಗದಿದ್ದರೆ ಅಮೆರಿಕದ್ದು.

ಎರಡನೆಯದು ಹುಡುಕುವ ಬಗೆ. ‘ಈ ಅಕ್ಷರಗಳಿಂದ ಆಗುವ ಪದ’ ಬೇರೆ, ‘ಈ ಅಕ್ಷರಗಳನ್ನು ಒಳಗೊಂಡ ಪದ’ ಬೇರೆ, ‘ಈ ಅಕ್ಷರಗಳು ಇದೇ ಸಾಲಿನಲ್ಲಿ ಬರುವ ಪದ’ ಮತ್ತೂ ಬೇರೆ. ಮೊದಲನೆಯದು ಸ್ಕ್ರ್ಯಾಬಲ್‌ಗೆ, ಎರಡನೆಯದು ವರ್ಡಲ್‌ನ ಹಳದಿ ಮನೆಗಳಿಗೆ (ಅಕ್ಷರ ಪದದಲ್ಲಿದೆ, ಜಾಗ ಬೇರೆ ಎಂಬ ಗುರುತು), ಮೂರನೆಯದು ಪದಬಂಧಕ್ಕೆ. ಕೆಲವು ಆ್ಯಪ್‌ಗಳಲ್ಲಿ ಮೂರಕ್ಕೂ ಒಂದೇ ಪೆಟ್ಟಿಗೆ. ಬಂದ ಪಟ್ಟಿ ಯಾವ ಲೆಕ್ಕದ್ದು ಎಂದು ತಿಳಿಯುವುದೇ ಇಲ್ಲ. ನನ್ನದರಲ್ಲಿ ಪ್ರತ್ಯೇಕ ಪೆಟ್ಟಿಗೆಗಳಿವೆ, ಬೇಡದ ಅಕ್ಷರಗಳಿಗೂ ಒಂದಿದೆ, ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಬಿಲ್ಲೆಗೆ ಪ್ರಶ್ನಾರ್ಥಕ ಚಿಹ್ನೆ. ನಾನು ಇದನ್ನು ಬಿಡದಿರಲು ಇದೇ ದೊಡ್ಡ ಕಾರಣ.

ಇದರ ವೇಗ ನೋಡಿ ಅಕ್ಕ ಬೆರಗಾಗುತ್ತಾಳೆ, ಆದರೆ ಒಳಗಿನ ಉಪಾಯ ಸರಳ. ಪ್ರತಿ ಪದದ ಅಕ್ಷರಗಳನ್ನು ಎ, ಬಿ, ಸಿ ಕ್ರಮದಲ್ಲಿ ಮೊದಲೇ ಜೋಡಿಸಿಟ್ಟಿರುತ್ತಾರೆ. ‘ರಿಟೇನ್ಸ್’, ‘ನ್ಯಾಸ್ಟಿಯರ್’, ‘ಸ್ಟೇನರ್’ ಮೂರನ್ನೂ ಹಾಗೆ ಜೋಡಿಸಿದರೆ ಎ, ಇ, ಐ, ಎನ್, ಆರ್, ಎಸ್, ಟಿ ಎಂಬ ಒಂದೇ ಸಾಲು ಬರುತ್ತದೆ. ನಮ್ಮ ಏಳು ಬಿಲ್ಲೆಗಳನ್ನೂ ಅದೇ ಕ್ರಮಕ್ಕೆ ತಂದು ತಾಳೆ ನೋಡಿದರೆ ಮುಗಿಯಿತು. ಈ ಏಳು ಬಿಲ್ಲೆಗಳು ಕೈಗೆ ಬಂದರೆ ಬಿಡಬೇಡಿ, ಏಳನ್ನೂ ಒಟ್ಟಿಗೆ ಇಟ್ಟರೆ 50 ಅಂಕ ಹೆಚ್ಚುವರಿ.

ಆಟ ನಡೆಯುವಾಗ ನಮ್ಮಲ್ಲಿ ಹುಡುಕಾಟ ನಿಷಿದ್ಧ. ಒಬ್ಬರು ಇಟ್ಟ ಪದವನ್ನು ಇನ್ನೊಬ್ಬರು ಪ್ರಶ್ನಿಸಿದಾಗ ತೀರ್ಪಿಗಷ್ಟೇ ಆ್ಯಪ್ ತೆರೆಯುತ್ತೇವೆ. ನಿಜವಾದ ಲಾಭವಿರುವುದು ಆಟ ಮುಗಿದ ಮೇಲೆ. ಕೈಯಲ್ಲಿ ಉಳಿದ ಬಿಲ್ಲೆಗಳನ್ನು ಒತ್ತಿ, ಏನು ತಪ್ಪಿಹೋಯಿತು ಎಂದು ನೋಡುತ್ತೇವೆ. ಸ್ಕ್ರ್ಯಾಬಲ್‌ನಲ್ಲಿ ಕ್ಯೂ ಇರುವುದು ಒಂದೇ, ಅದಕ್ಕೆ 10 ಅಂಕ, ಆದರೆ ಜೊತೆಗೆ ಯು ಸಿಗದೆ ಕೊನೆಯವರೆಗೂ ಕೈಯಲ್ಲೇ ಕೊಳೆಯುತ್ತದೆ. ಹಾಗಾಗಿ ಕ್ಯೂ ಬೇಕು, ಯು ಬೇಡ ಎಂದು ಹುಡುಕಿದೆ. ‘ಚಿ’ ಎಂದು ಓದುವ ಕ್ಯೂ-ಐ ಬಂತು, ‘ಫಕೀರ್’ ಬಂತು, ‘ಕನಾತ್’ ಬಂತು. ಕನಾತ್ ಎಂದರೆ ನೆಲದಡಿಯಲ್ಲಿ ನೀರು ಹರಿಸುವ ಸುರಂಗ ಕಾಲುವೆ. ಆದಿಲ್‌ಶಾಹಿಗಳ ಕಾಲದಲ್ಲಿ ನಗರಕ್ಕೆ ನೀರು ತಂದ ತೊರವಿಯ ಸುರಂಗ ಬಾವಡಿ ಇದೇ ಜಾತಿಯದು. ಆ ಪದವನ್ನು ನಾವು ಮೂವರೂ ಮತ್ತೆ ಮರೆಯಲಿಲ್ಲ.

ಅಲ್ಲಿಂದ ಕಾಕಾಗೆ ನಮ್ಮ ಕಡೆಯ ಪದಗಳನ್ನು ಹುಡುಕುವ ಹುರುಪು ಬಂತು. ತಾಲೂಕು, ಧರಣಿ, ಘೇರಾವ್, ಕೋಟಿ, ಲಕ್ಷ, ರಾಗಿ ಎಲ್ಲವೂ ಇಂಗ್ಲಿಷ್ ಕಾಗುಣಿತದಲ್ಲಿ ಪಟ್ಟಿ ಸೇರಿವೆ. ಹಿಂಗಾರಿ ಬಿಳಿಜೋಳದ ನಾಡಿನವರಿಗೆ ‘ಜೊವಾರ್’ ಬೇರೆಯೇ ಸಂತೋಷ ಕೊಡುತ್ತದೆ. ಆಟದ ಮೊದಲ ಪದವಾಗಿ, ಆರ್ ನಡುಮನೆಗೆ ಬರುವಂತೆ ಇಟ್ಟರೆ ಜೆ ಸರಿಯಾಗಿ ಅಕ್ಷರ ದ್ವಿಗುಣವಾಗುವ ಮನೆಯಲ್ಲಿ ಕೂರುತ್ತದೆ. 8ರ ಜೆ 16 ಆಗಿ ಪದಕ್ಕೆ 23, ನಡುಮನೆ ಅದನ್ನು ಇಮ್ಮಡಿಸಿ 46.

ವರ್ಡಲ್‌ಗೆ ಇದರ ನೆರವು ಬೇರೆ ಬಗೆಯದು. ಕೊನೆಯ ನಾಲ್ಕು ಅಕ್ಷರ ಐ, ಜಿ, ಎಚ್, ಟಿ ಎಂದು ಹಸಿರಾದರೆ, ಅಂದರೆ ಜಾಗ ಸಮೇತ ಸರಿಯಾದರೆ, ಲೈಟ್, ಮೈಟ್, ನೈಟ್, ರೈಟ್, ಸೈಟ್, ಫೈಟ್ ಎಂದು ಒಂದೊಂದೇ ಹಾಕುತ್ತಾ ಆರು ಅವಕಾಶಗಳೂ ತೀರುತ್ತವೆ. ಎಫ್, ಎಲ್, ಎಂ, ಎಸ್ ನಾಲ್ಕನ್ನೂ ಒಳಗೊಂಡ ಪದ ಕೇಳಿದರೆ ಆ್ಯಪ್ ‘ಫಿಲ್ಮ್ಸ್’ ಕೊಡುತ್ತದೆ. ಒಂದೇ ಏಟಿಗೆ ನಾಲ್ಕು ಅನುಮಾನ ತೀರುತ್ತದೆ. ಆ ದಿನದ ಉತ್ತರವನ್ನೇ ತೋರಿಸುವ ಆ್ಯಪ್‌ಗಳೂ ಇವೆ, ಅವು ನನಗೆ ಬೇಡ.

ಕೊರತೆಗಳಲ್ಲಿ ಮೊದಲನೆಯದು ಜಾಹೀರಾತು. ಉಚಿತ ಆವೃತ್ತಿಯಲ್ಲಿ ಎರಡು ಮೂರು ಹುಡುಕಾಟಕ್ಕೊಮ್ಮೆ ಪರದೆ ತುಂಬ ಬಂದು ಕೂರುತ್ತದೆ, ಮುಚ್ಚುವ ಗುರುತು ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಹಣ ಕಟ್ಟಿದ ಮೇಲೆ ನಿಂತಿತು. ಹಣ ಕಟ್ಟುವ ಮೊದಲು ಡೇಟಾ ಬಂದ್ ಮಾಡಿ ಹುಡುಕಿ ನೋಡಿ. ಪದಪಟ್ಟಿ ಮೊಬೈಲಿನೊಳಗೇ ಇದ್ದರೆ ಉತ್ತರ ಬರುತ್ತದೆ. ಇದರಲ್ಲಿ ಬರುತ್ತದೆ, ಅದಕ್ಕೇ ಹಣ ಕೊಟ್ಟೆ.

ನನಗೆ ಹೆಚ್ಚು ಬೇಸರ ತರಿಸುವುದು ಅರ್ಥಗಳಿಲ್ಲದಿರುವುದು. ನೂರು ಪದ ಮುಂದಿಡುತ್ತದೆ, ಒಂದರ ಅರ್ಥವನ್ನೂ ಹೇಳುವುದಿಲ್ಲ. ಪ್ರತಿ ಸಲ ನಿಘಂಟು ತೆರೆಯಬೇಕು. ಅರ್ಥ ಗೊತ್ತಿಲ್ಲದ ಪದ ಮುಂದಿನ ಆಟದ ಹೊತ್ತಿಗೆ ತಲೆಯಿಂದ ಹೋಗಿಬಿಟ್ಟಿರುತ್ತದೆ. ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ, ಅರ್ಥ ಸೇರಿಸಿ ಎಂದು ತಯಾರಕರಿಗೂ ಬರೆದಿದ್ದೇನೆ.