ಚಾಂಪಿಯನ್ ವಂಶದ ಮರಿಯೆಂದು ಮುಂಗಡ ಕೊಡುವ ಮುನ್ನ

ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೈಲರ್‌ನಂತಹ ದೊಡ್ಡ ತಳಿಯ ಮರಿ ಕೊಳ್ಳಲು ಹೊರಟವರ ಗಮನಕ್ಕೆ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಹೊರವಲಯದ ಬ್ರೀಡರ್ ಒಬ್ಬರಿಂದ ನಾವು ತಂದ ಶೆಫರ್ಡ್ ಮರಿಗೆ ಕೆನೆಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರವೂ ಚರ್ಮದಡಿ ಹಾಕುವ ಗುರುತಿನ ಮೈಕ್ರೊಚಿಪ್ಪೂ ಇದ್ದವು. ತಂದೆಯಂತೂ ಪ್ರದರ್ಶನಗಳಲ್ಲಿ ಗೆದ್ದ ನಾಯಿ. ವರ್ಷ ತುಂಬುವ ಮೊದಲೇ ಮರಿ ಮೆಟ್ಟಿಲು ಹತ್ತಲು ಹಿಂಜರಿಯತೊಡಗಿತು, ಓಡುವಾಗ ಹಿಂಗಾಲೆರಡನ್ನೂ ಜೋಡಿಸಿ ಕುಪ್ಪಳಿಸತೊಡಗಿತು. ಅರಿವಳಿಕೆ ಕೊಟ್ಟು ತೆಗೆದ ಎಕ್ಸ್‌ರೇಯಲ್ಲಿ ತೊಡೆಮೂಳೆಯ ತಲೆ ಸೊಂಟದ ಗುಳಿಯೊಳಗೆ ಅರ್ಧದಷ್ಟೂ ಕೂತಿರಲಿಲ್ಲ. ಎರಡೂ ಕಡೆ ಹಿಪ್ ಡಿಸ್ಪ್ಲೇಸಿಯಾ, ಅಂದರೆ ಸೊಂಟದ ಕೀಲು ಸರಿಯಾಗಿ ರೂಪುಗೊಳ್ಳದ ದೋಷ.

‘ನಿಮ್ಮ ಮನೆಯ ಜಾರುವ ನೆಲ, ನೀವು ಹಾಕಿದ ಊಟ’ ಎಂಬುದು ಬ್ರೀಡರ್ ಉತ್ತರ. ಇದು ಪೂರ್ತಿ ಸುಳ್ಳಲ್ಲವಾದ್ದರಿಂದಲೇ ಎದುರಾಡುವುದು ಕಷ್ಟ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಅಧ್ಯಯನದಲ್ಲಿ, ಶೇ. 25ರಷ್ಟು ಕಡಿಮೆ ಆಹಾರ ತಿಂದ ನಾಯಿಗಳಲ್ಲಿ ಸೊಂಟದ ಸಂಧಿವಾತ ಕಡಿಮೆಯಿತ್ತು, ಆಯುಸ್ಸೂ ಹೆಚ್ಚಿತ್ತು. ಆದರೆ ಆಹಾರವು ವಂಶದಿಂದ ಬಂದ ದೌರ್ಬಲ್ಯವನ್ನು ಹೆಚ್ಚಿಸಬಹುದು ಇಲ್ಲವೇ ತಗ್ಗಿಸಬಹುದೇ ಹೊರತು, ಒಳ್ಳೆಯ ಕೀಲಿನ ವಂಶವನ್ನು ಕೊಡಲಾರದು.

ನಮಗೆ ಮೊದಲೇ ತೋರಿಸಿದ್ದ ‘ತಾಯಿಯ ಎಕ್ಸ್‌ರೇ’ಯನ್ನು ಪಶುವೈದ್ಯರು ಆಮೇಲೆ ನೋಡಿದರು. ಅದರ ಮೇಲೆ ಚಿಪ್ ಸಂಖ್ಯೆಯಾಗಲಿ ದಿನಾಂಕವಾಗಲಿ ಇರಲಿಲ್ಲ; ನಾಯಿಯನ್ನು ಓರೆಯಾಗಿ ಮಲಗಿಸಿದ್ದರಿಂದ ಒಂದು ಬದಿಯ ಗುಳಿ ಇರುವುದಕ್ಕಿಂತ ಆಳವಾಗಿ ಕಾಣುತ್ತಿತ್ತು. ಅದು ಯಾವ ನಾಯಿಯದೋ ಹೇಳುವಂತಿರಲಿಲ್ಲ.

ನೋಂದಣಿ ಪತ್ರ ವಂಶಾವಳಿಯನ್ನು ಹೇಳುತ್ತದೆ, ಕೀಲಿನ ಸ್ಥಿತಿಯನ್ನಲ್ಲ. ಕೇಳಬೇಕಾದದ್ದು ತಂದೆ, ತಾಯಿ ಇಬ್ಬರ ಸೊಂಟದ ಕೀಲಿನ ಅಧಿಕೃತ ಶ್ರೇಣಿ, ಅದೂ ಚಿಪ್ ಸಂಖ್ಯೆಯೊಂದಿಗೆ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಪದ್ಧತಿಯಲ್ಲಿ ‘ಎ’ಯಿಂದ ‘ಇ’ವರೆಗೆ ಐದು ಶ್ರೇಣಿಗಳಿದ್ದು, ‘ಸಿ’ಯಿಂದ ಮುಂದಕ್ಕೆ ದೋಷವಿದೆಯೆಂದೇ ಅರ್ಥ. 1966ರಲ್ಲಿ ಆರಂಭವಾದ ಅಮೆರಿಕದ ಒಎಫ್‌ಎ ಎಂಬ, ನಾಯಿಗಳ ಕೀಲಿನ ಎಕ್ಸ್‌ರೇ ಪರಿಶೀಲಿಸುವ ಸಂಸ್ಥೆಯು 24 ತಿಂಗಳು ತುಂಬಿದ ಮೇಲಷ್ಟೇ ಅಂತಿಮ ಪ್ರಮಾಣಪತ್ರ ಕೊಡುತ್ತದೆ. ಕೀಲಿನ ಸಡಿಲತೆಯನ್ನು ಅಳೆಯುವ ಪೆನ್‌ಹಿಪ್ ವಿಧಾನವನ್ನು 16 ವಾರಗಳಿಂದಲೇ ಬಳಸಬಹುದು. ಎಂಟು ವಾರದ ಮರಿಯ ನಡಿಗೆ ನೋಡಿ ತೀರ್ಮಾನಿಸಲು ಮಾತ್ರ ಸಾಧ್ಯವಿಲ್ಲ.

‘ನಮ್ಮ ನಾಯಿ ಚೆನ್ನಾಗಿಯೇ ಓಡುತ್ತದೆ’ ಎಂಬ ಮಾತಿಗೂ ಬೆಲೆ ಕೊಡಬೇಡಿ, ಏಕೆಂದರೆ ಸ್ನಾಯು ಗಟ್ಟಿಯಿರುವ ನಾಯಿಯಲ್ಲಿ ಸೌಮ್ಯ ದೋಷ ವರ್ಷಗಟ್ಟಲೆ ಹೊರಗೆ ಕಾಣದಿರಬಹುದು. ಇದು ಹಲವು ಜೀನ್‌ಗಳು ಸೇರಿ ಬರುವ ತೊಂದರೆ. ಒಳ್ಳೆಯ ಕೀಲಿನ ತಂದೆತಾಯಿಗೂ ದೋಷವಿರುವ ಮರಿ ಹುಟ್ಟುವುದುಂಟು. ಆದ್ದರಿಂದ ತಂದೆತಾಯಿಯ ಒಡಹುಟ್ಟುಗಳ, ಹಿಂದಿನ ಸೂಲುಗಳ ಮರಿಗಳ ಫಲಿತಾಂಶವನ್ನೂ ಕೇಳಿ. ಹಿಂದಿನ ಗಿರಾಕಿಗಳೊಡನೆ ಮಾತಾಡಿಸಲು ಒಪ್ಪದ ಬ್ರೀಡರ್ ಬಳಿ ವ್ಯವಹಾರ ಬೇಡ.

ನಮಗೆ ಹಣ ಮರಳಲಿಲ್ಲ. ಬದಲಿ ಮರಿ ಕೊಡುತ್ತೇನೆಂದರು, ಅದೇ ಜೋಡಿಯ ಮುಂದಿನ ಸೂಲಿನಿಂದ.