ಮೊಸರಿನ ಡಬ್ಬಿ, ಫೋಮ್ ಶೀಟ್, ಬಟರ್ ಪೇಪರ್: ಫ್ಲ್ಯಾಶ್‌ಗೆ ಯಾವುದು ಸರಿ?

ಬಾಗಲಕೋಟೆ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕುಬಸದ (ಸೀಮಂತದ) ಫೋಟೊ ತೆಗೆಯುವುದು ಸುಲಭವಲ್ಲ. ಫ್ಲ್ಯಾಶ್ ಬೆಳಕನ್ನು ಚಾವಣಿಗೆ ಹೊಡೆಸೋಣ ಅಂದರೆ ಮೇಲಿರುವುದು ಕಪ್ಪಾದ ಜಂತಿ. ಬೆಳಕನ್ನೆಲ್ಲ ಅದೇ ನುಂಗುತ್ತದೆ. ನೇರ ಹೊಡೆದರೆ ಹಣೆ, ಮೂಗು ಫಳಫಳ, ಹಿಂದಿನ ಗೋಡೆ ಮೇಲೆ ಗಡುಸು ನೆರಳು. ಅದಕ್ಕೇ ಫ್ಲ್ಯಾಶ್ ಬೆಳಕನ್ನು ಮೆತ್ತಗೆ ಮಾಡಲು ಮನೆಯಲ್ಲೇ ಮಾಡಬಹುದಾದ ಮೂರು ದಾರಿ ನೋಡಿದೆ.

ಮೊಸರಿನ ಬಿಳಿ ಪ್ಲಾಸ್ಟಿಕ್ ಡಬ್ಬಿಯನ್ನು ಫ್ಲ್ಯಾಶ್ ತಲೆಗೆ ಸಿಕ್ಕಿಸಿದರೆ ಆಯ್ತು. ಬಿಳಿ ಗೋಡೆಯ ಸಣ್ಣ ಕೋಣೆಯಲ್ಲಿ ಚೆನ್ನಾಗಿಯೇ ಬರುತ್ತದೆ, ಯಾಕಂದ್ರೆ ಸುತ್ತ ಚೆಲ್ಲಿದ ಬೆಳಕು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅಂಗಳದಲ್ಲಿ, ಕಲ್ಯಾಣ ಮಂಟಪದಲ್ಲಿ ಹತ್ತಿರ ಗೋಡೆಯೇ ಇರುವುದಿಲ್ಲ, ಅಲ್ವಾ? ಅಲ್ಲಿ ನೆರಳು ಮೊದಲಿನಷ್ಟೇ ಗಡುಸು, ಬ್ಯಾಟರಿ ಮಾತ್ರ ಬೇಗ ಖಾಲಿ. ಬಿಳಿ ಪ್ಲಾಸ್ಟಿಕ್ ಅಡ್ಡ ಇಟ್ಟ ಮಾತ್ರಕ್ಕೆ ಬೆಳಕು ಮೆತ್ತಗಾಗುವುದಿಲ್ಲ. ಬೆಳಕು ಬರುವ ಜಾಗ ದೊಡ್ಡದಾಗಬೇಕು. ಡಬ್ಬಿ ಅಷ್ಟೇನೂ ದೊಡ್ಡದಲ್ಲ.

ಜನರ ಫೋಟೊಗೆ ನನ್ನ ಮತ ಫೋಮ್ ಶೀಟಿಗೆ. ಮಕ್ಕಳ ಕ್ರಾಫ್ಟ್‌ಗೆ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದಲ್ಲ, ಆ 2 ಮಿ.ಮೀ. ದಪ್ಪದ ಬಿಳಿ ಎ4 ಹಾಳೆ. ಫ್ಲ್ಯಾಶ್ ತಲೆಯನ್ನು ಮೇಲೆ ಮಾಡಿ, ಹಾಳೆಯನ್ನು ಹಿಂಬದಿಗೆ ಇಟ್ಟು ದಪ್ಪ ರಬ್ಬರ್ ಬ್ಯಾಂಡ್ ಬಿಗಿಯಬೇಕು. ಎರಡೂ ಅಂಚು ಮೊರದ ಹಾಗೆ ಒಳಕ್ಕೆ ಬಾಗಿದರೆ ಹಾಳೆ ಜೋಲುವುದಿಲ್ಲ. ತುದಿ ಸ್ವಲ್ಪ ಮುಂದಕ್ಕಿರಲಿ. ಹಾಳೆಯೇ ಬೆಳಕನ್ನು ಮುಂದಕ್ಕೆ ತಳ್ಳುವುದರಿಂದ ಜಂತಿಯ ಕೆಳಗೂ ನಡೆಯುತ್ತದೆ. ಕ್ಯಾಮೆರಾದ ಐಎಸ್‌ಒ, ಅಂದರೆ ಬೆಳಕಿನ ಸೂಕ್ಷ್ಮತೆಯನ್ನು 800ಕ್ಕೆ ಏರಿಸಿದರೆ ಫ್ಲ್ಯಾಶ್‌ಗೂ ಹೊರೆ ಕಡಿಮೆ. ನೆರಳಿನ ಅಂಚು ಕರಗಿ, ಕೆನ್ನೆಯ ಉಬ್ಬು ಕಾಣುತ್ತದೆ. ನಿಜಕ್ಕೂ ಖುಷಿ ಕೊಡುವ ಬೆಳಕು ಅದು.

ಮೂರನೆಯದು ರಟ್ಟಿನ ಡಬ್ಬಿ. ಒಳಗೆಲ್ಲ ಅಲ್ಯುಮಿನಿಯಂ ಫಾಯಿಲ್, ಮುಂದೆ ಬಟರ್ ಪೇಪರ್. ಕ್ಯಾಮೆರಾ ಮೇಲೆ ಇದರ ಭಾರ ತಡೆಯುವುದಿಲ್ಲ. ಸ್ಟೂಲಿನ ಮೇಲಿಟ್ಟು, ದೂರದಿಂದಲೇ ಫ್ಲ್ಯಾಶ್ ಹೊಡೆಸುವ ಟ್ರಿಗರ್‌ನಿಂದ ಹೊಡೆಯಬೇಕು. ಓಡಾಡುವ ಜನರ ಮಧ್ಯೆ ಇದು ಬೇಡವೇ ಬೇಡ. ಆದರೆ ಇಳಕಲ್ ಸೀರೆಯ ಫೋಟೊಗೆ ಇದನ್ನು ಬಿಟ್ಟರೆ ಬೇರೆ ಇಲ್ಲ. ಹತ್ತಿಯ ಮೈ, ರೇಷ್ಮೆ ಸೆರಗು ಇದ್ದರೆ ನೇರ ಫ್ಲ್ಯಾಶಿಗೆ ಸೆರಗು ಮಾತ್ರ ಮಿಂಚಿ ಕೆಂಪು ಬಣ್ಣವೇ ಮಾಸುತ್ತದೆ. ಡಬ್ಬಿಯನ್ನು ಅರ್ಧ ಮೀಟರ್ ಹತ್ತಿರ, ಪಕ್ಕದಿಂದ ಇಟ್ಟರೆ ಸೆರಗಿನ ಬಿಳಿ ತೆನಿ ವಿನ್ಯಾಸ, ಮೈಗೂ ಸೆರಗಿಗೂ ಕೊಂಡಿ ಹಾಕಿದ ಎಳೆ ಬಿಡಿಬಿಡಿಯಾಗಿ ಕಾಣುತ್ತವೆ. ದೂರ ಸರಿಸಿದರೆ ನೆರಳು ಮತ್ತೆ ಗಡುಸು.

ಒಂದು ಎಚ್ಚರ: ಕಾಗದವಾಗಲಿ ಫಾಯಿಲ್ ಆಗಲಿ ಫ್ಲ್ಯಾಶಿನ ಮುಖಕ್ಕೆ ತಾಗಬಾರದು. ಫುಲ್ ಪವರ್‌ನಲ್ಲಿ ಒಂದರ ಹಿಂದೆ ಒಂದು ಹೊಡೆದರೆ ಅಲ್ಲಿ ಬಿಸಿ ಜಾಸ್ತಿ.