ಬ್ಯಾನರ್ ದೊಡ್ಡದು, ಬ್ರಷ್ ಆರೇ ಆರು

ಪೀಣ್ಯದ ನಮ್ಮ ಕಂಪನಿಯಲ್ಲಿ ಇರುವುದೇ 14 ಜನ. ದೊಡ್ಡ ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನುವ, 2013ರ ಕಂಪನಿ ಕಾಯ್ದೆಯ ಸಿಎಸ್‌ಆರ್ ನಿಯಮ ನಮಗೆ ತಾಗುವುದಿಲ್ಲ. ವರ್ಷಕ್ಕೆ 5 ಕೋಟಿ ಲಾಭ ನಾವು ಕನಸಲ್ಲೂ ಕಂಡಿಲ್ಲ! ಆದರೂ ಒಂದು ಶನಿವಾರ ಮಾಗಡಿ ಕಡೆಯ ಸರ್ಕಾರಿ ಶಾಲೆಗೆ ಬಣ್ಣ ಹೊಡೆಯಲು ಹೋದೆವು. ವ್ಯವಸ್ಥೆ ಮಾಡಿಕೊಟ್ಟವರು ತಲೆಗೆ 600 ರೂಪಾಯಿ ತೆಗೆದುಕೊಂಡರು. ಬ್ಯಾನರ್ ಭರ್ಜರಿ. ಬ್ರಷ್ ಮಾತ್ರ ಆರು, ಉಪ್ಪು ಕಾಗದ ಇಲ್ಲವೇ ಇಲ್ಲ. ಲೇತ್ ನಡೆಸುವ ನಮ್ಮ ಅಣ್ಣ ಒಬ್ಬರು ಅಂಗಡಿಗೆ ಓಡಿ ತಂದರು. "ಸಾರ್, ಮೊದಲು ಗೋಡೆ ಉಜ್ಜಿ, ಪ್ರೈಮರ್ ಆಮೇಲೆ" ಅಂತ ಓನರ್‌ಗೇ ಪಾಠ ಮಾಡಿದರು. ಓನರ್ ಸುಮ್ನೆ ಉಜ್ಜಿದರು. ಅದನ್ನು ನೋಡಿದ್ದಕ್ಕೇ ದುಡ್ಡು ವಸೂಲ್ ಅಲ್ವಾ? ಚಿತ್ರಾನ್ನ ತಣ್ಣಗಿತ್ತು, ಮೊಸರನ್ನ ಪರವಾಗಿಲ್ಲ. ಐದಕ್ಕೆ ಎರಡೂವರೆ ಸ್ಟಾರ್. ಮುಂದಿನ ಸಲ ಸಾಮಾನು ನಾವೇ ಕೊಂಡು ಹೋಗುತ್ತೇವೆ.